ಗಡಿ ದಾಟಿದ ಮೊಬೈಲ್: ಪ್ರವಾಸಿ ಆ್ಯಪ್‌ಗಳ ಬಗೆಗಿನ ತಪ್ಪು ಕಲ್ಪನೆ ಮತ್ತು ಸತ್ಯ

ವಿದೇಶಕ್ಕೆ ಹೊರಟವರ ಮೊಬೈಲಿನಲ್ಲಿ ನಕ್ಷೆ, ಅನುವಾದ, ಹಣ ಪಾವತಿ ಮತ್ತು ಕರೆಯ ಆ್ಯಪ್‌ಗಳು ಇದ್ದೇ ಇರುತ್ತವೆ. ಅವುಗಳ ಬಗ್ಗೆ ಬೇರೂರಿರುವ ತಪ್ಪು ಕಲ್ಪನೆಗಳಲ್ಲಿ ಕೆಲವು ವಿನಾಕಾರಣ ಭಯದಿಂದಲೂ ಕೆಲವು ಅತಿಯಾದ ಭರವಸೆಯಿಂದಲೂ ಹುಟ್ಟಿದಂಥವು. ಪ್ರವಾಸಿಯನ್ನು ಪೇಚಿಗೆ ಸಿಲುಕಿಸುವುದು ಹೆಚ್ಚಾಗಿ ಎರಡನೆಯ ಬಗೆಯವು.

ಇಂಟರ್ನೆಟ್ ಇಲ್ಲದಿದ್ದರೆ ಜಿಪಿಎಸ್ ನಡೆಯದೆಂಬುದು ಭಯದ ಬಗೆಗೆ ಸೇರಿದ ಕಲ್ಪನೆ. ಜಿಪಿಎಸ್ ಎಂದರೆ ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ, ತಮ್ಮ ಸ್ಥಾನವನ್ನೂ ಸಮಯವನ್ನೂ ರೇಡಿಯೊ ಸಂಕೇತದ ಮೂಲಕ ಸಾರುತ್ತಿರುವ ಅಮೆರಿಕದ ಉಪಗ್ರಹಗಳ ವ್ಯವಸ್ಥೆ. ಕನಿಷ್ಠ 4 ಉಪಗ್ರಹಗಳ ಸಂಕೇತ ದೊರೆತರೆ ಮೊಬೈಲ್ ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಅದಕ್ಕೆ ಸಿಮ್ ಬೇಕಿಲ್ಲ, ಡೇಟಾ ಬೇಕಿಲ್ಲ. ಆದರೆ ಯಾವ ಉಪಗ್ರಹ ಎಲ್ಲಿದೆಯೆಂಬ ಮಾಹಿತಿಯನ್ನು ನೆಟ್‌ವರ್ಕ್ ಇರುವಾಗ ಕ್ಷಣದಲ್ಲಿ ಪಡೆಯುವ ಮೊಬೈಲ್, ಅದು ಇಲ್ಲದಾಗ ಅದೇ ಮಾಹಿತಿಯನ್ನು ಉಪಗ್ರಹದ ನಿಧಾನಗತಿಯ ಸಂಕೇತದಿಂದಲೇ ಸಂಗ್ರಹಿಸಬೇಕಾಗುತ್ತದೆ, ಆ ಸಂದೇಶ ಪೂರ್ತಿಯಾಗಿ ಬರಲು 12.5 ನಿಮಿಷ ಹಿಡಿಯುತ್ತದೆ. ಸ್ಥಾನ ತಿಳಿಯಲು ಅಷ್ಟು ಹೊತ್ತು ಕಾಯಬೇಕಿಲ್ಲವಾದರೂ, ವಿಮಾನ ನಿಲ್ದಾಣದ ಹೊರಗೆ ನಿಂತು ಅಲುಗಾಡದ ನೀಲಿ ಚುಕ್ಕೆಯನ್ನು ನೋಡಿದವರು ಜಿಪಿಎಸ್ ಕೆಟ್ಟಿದೆಯೆಂದು ತೀರ್ಮಾನಿಸುವುದು ಈ ವಿಳಂಬದಿಂದಲೇ.

ಇಂಟರ್ನೆಟ್ ಬೇಕಾಗುವುದು ನಕ್ಷೆಗೆ; ಅದನ್ನು ಮನೆಯಲ್ಲಿಯೇ ಡೌನ್‌ಲೋಡ್ ಮಾಡಿಕೊಳ್ಳಬಹುದು. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಭಾವಿಸುವುದೂ ಸರಿಯಲ್ಲ. ಹೀಗೆ ಉಳಿಸಿಕೊಂಡ ಗೂಗಲ್ ಮ್ಯಾಪ್ಸ್ ನಕ್ಷೆಯು ಕಾರಿನ ದಾರಿಯನ್ನು ತೋರಿಸುತ್ತದೆಯೇ ಹೊರತು ನಡೆದು ಹೋಗುವ ದಾರಿಯನ್ನಾಗಲಿ ಬಸ್ಸು, ರೈಲುಗಳ ಮಾರ್ಗವನ್ನಾಗಲಿ ತೋರಿಸುವುದಿಲ್ಲ, ಪ್ರವಾಸಿಗೆ ಬೇಕಾದದ್ದು ಅದೇ ಆಗಿದ್ದರೂ. ಸ್ವಯಂಸೇವಕರು ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶವನ್ನು ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ಗಳಲ್ಲಿ ಕಾಲುದಾರಿಯೂ ಇಂಟರ್ನೆಟ್ ಇಲ್ಲದೆ ಸಿಗುತ್ತದೆ.

ಒಂದೇ ನಕ್ಷೆ ಜಗತ್ತಿಗೆಲ್ಲ ಸಾಕೆಂಬ ಭರವಸೆ ಇದಕ್ಕಿಂತ ದುಬಾರಿಯಾದದ್ದು. ದಕ್ಷಿಣ ಕೊರಿಯಾ ಸರ್ಕಾರವು ದೇಶದ ಸವಿವರ ನಕ್ಷೆಯ ದತ್ತಾಂಶವನ್ನು ಹೊರಗೆ ಒಯ್ಯಲು ಗೂಗಲ್ ಕೇಳಿದ ಅನುಮತಿಯನ್ನು ಭದ್ರತೆಯ ಕಾರಣಕ್ಕೆ 2007ರಲ್ಲಿಯೂ 2016ರಲ್ಲಿಯೂ ನಿರಾಕರಿಸಿದ್ದರಿಂದ, ಅಲ್ಲಿನ ಜನ ನೇವರ್ ಮತ್ತು ಕಾಕಾವೊ ನಕ್ಷೆಗಳನ್ನೇ ನೆಚ್ಚಿಕೊಂಡರು. ಚೀನಾದಲ್ಲಿ ಗೂಗಲ್ ಸೇವೆಗಳಿಗೆ ತಡೆಯಿರುವುದಲ್ಲದೆ, ಕಾನೂನಿನಂತೆ ನಕ್ಷೆಗಳು ಜಿಸಿಜೆ-02 ಎಂಬ ನಿರ್ದೇಶಾಂಕ ಪದ್ಧತಿಯನ್ನು, ಅಂದರೆ ನೈಜ ಅಕ್ಷಾಂಶ, ರೇಖಾಂಶಗಳನ್ನು ಬೇಕೆಂದೇ ತುಸು ಸರಿಸಿದ ಲೆಕ್ಕವನ್ನು, ಬಳಸಬೇಕು. ಆ ಕಾರಣ ಗೂಗಲ್ ನಕ್ಷೆಯಲ್ಲಿ ಉಪಗ್ರಹ ಚಿತ್ರದ ಮೇಲೆ ಎಳೆದ ರಸ್ತೆಗಳು ನೂರಾರು ಮೀಟರ್ ಪಕ್ಕಕ್ಕೆ ಜರುಗಿ ಕಟ್ಟಡಗಳ ಮೇಲೆ ಹಾಯುವುದನ್ನು ಕಾಣಬಹುದು. ಜಿಪಿಎಸ್ ಸರಿಯಿದ್ದರೂ ದಾರಿ ತಪ್ಪುವ ಸ್ಥಿತಿ ಇದು.

ಅನುವಾದದ ವಿಚಾರ ಸರಳ: ಭಾಷೆಯ ಕಡತವನ್ನು ಮೊದಲೇ ಇಳಿಸಿಕೊಂಡರೆ ಡೇಟಾ ಇಲ್ಲದೆಯೂ ಕೆಲಸ ನಡೆಯುತ್ತದೆ. ಔಷಧ ಮತ್ತು ಆಹಾರದ ಅಲರ್ಜಿಯ ವಿಷಯದಲ್ಲಿ ಮಾತ್ರ ಯಂತ್ರದ ಅನುವಾದವೊಂದನ್ನೇ ನಂಬುವುದು ಸಲ್ಲದು.

ಯುಪಿಐ ಈಗ ವಿದೇಶದಲ್ಲೆಲ್ಲ ನಡೆಯುತ್ತದೆಂಬ ಮಾತು ಅರ್ಧ ಸತ್ಯ. 2024ರ ಫೆಬ್ರುವರಿಯಲ್ಲಿ ಐಫೆಲ್ ಗೋಪುರದ ಟಿಕೆಟ್‌ಗೆ, ಅದೇ ತಿಂಗಳು ಶ್ರೀಲಂಕಾ ಮತ್ತು ಮಾರಿಷಸ್‌ಗಳಲ್ಲಿ ಈ ಸೌಲಭ್ಯ ಆರಂಭವಾದದ್ದು ನಿಜವಾದರೂ, ಅದು ದೊರೆಯುವುದು ಒಪ್ಪಂದಕ್ಕೆ ಒಳಪಟ್ಟ ಅಂಗಡಿಗಳಲ್ಲಿ, ಅದೂ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಸಕ್ರಿಯಗೊಳಿಸಿದ ಖಾತೆಗಳಿಗೆ. ಕಾರ್ಡ್ ಇದೆಯೆಂದು ನಿಶ್ಚಿಂತರಾಗುವವರು ಮರೆಯುವ ಸಂಗತಿಯೊಂದಿದೆ: ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡ್‌ಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿದ್ದು, ವಿದೇಶದ ಬಳಕೆಗೆ ಗ್ರಾಹಕರೇ ಅನುಮತಿ ಕೊಟ್ಟುಕೊಳ್ಳಬೇಕು. ಅಲ್ಲಿನ ಸಿಮ್ ಕೊಂಡು ಭಾರತದ ಸಿಮ್ ತೆಗೆದಿಟ್ಟರೆ ಬ್ಯಾಂಕಿನ ಒಟಿಪಿ ಬರುವುದಿಲ್ಲ. ಮೊಬೈಲ್ ಬದಲಾದರೆ ಯುಪಿಐ ನೋಂದಣಿಗೆ ಆ ಸಿಮ್‌ನಿಂದಲೇ ಎಸ್‌ಎಂಎಸ್ ಹೋಗಬೇಕು.

ವಾಟ್ಸ್‌ಆ್ಯಪ್ ಇದ್ದರೆ ಕರೆಗೆ ಚಿಂತೆಯಿಲ್ಲವೆಂಬ ನಂಬಿಕೆಯ ಮಿತಿಯನ್ನು ದುಬೈ, ಅಬುಧಾಬಿಗಳಲ್ಲಿ ದುಡಿಯುವ ಕರಾವಳಿಯ ಕನ್ನಡಿಗರು ಚೆನ್ನಾಗಿ ಬಲ್ಲರು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ವಾಟ್ಸ್‌ಆ್ಯಪ್ ಸಂದೇಶಗಳು ಹೋಗುತ್ತವೆ, ಕರೆಗಳು ಹೋಗುವುದಿಲ್ಲ. ಪರವಾನಗಿ ಪಡೆದ ಬೋಟಿಮ್‌ನಂಥ ಆ್ಯಪ್ ಅಲ್ಲಿ ಬಳಕೆಯಲ್ಲಿದೆ.

ಇನ್ನು ದಾಖಲೆಗಳ ಚಿತ್ರ ಮೊಬೈಲಿನಲ್ಲಿದ್ದರೆ ಸಾಕೆಂಬುದು ಅಪಾಯಕರ ಭ್ರಮೆ. ಅಂಥ ಚಿತ್ರ ಪಾಸ್‌ಪೋರ್ಟ್‌ಗೆ ಬದಲಿಯಾಗದು. ಮೂಲ ಪುಸ್ತಕ ಕಳೆದರೆ ಊರಿಗೆ ಮರಳಲು ಭಾರತೀಯ ರಾಯಭಾರ ಕಚೇರಿ ನೀಡುವ ತುರ್ತು ಪ್ರಮಾಣಪತ್ರವೇ ಗತಿ. ಆ ಕಚೇರಿಯ ದೂರವಾಣಿಯನ್ನೂ ಹೋಗುವ ದೇಶದ ತುರ್ತು ಸಂಖ್ಯೆಯನ್ನೂ (ಯುರೋಪಿನ ಒಕ್ಕೂಟದಲ್ಲಿ 112, ಜಪಾನಿನಲ್ಲಿ ಪೊಲೀಸರಿಗೆ 110, ಆ್ಯಂಬುಲೆನ್ಸ್‌ಗೆ 119) ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿಯ ಹಿಂಬದಿಯಲ್ಲಿ ಪೆನ್ನಿನಿಂದ ಬರೆದು, ಮೊಬೈಲ್ ಇಡದ ಚೀಲದಲ್ಲಿ ಇಟ್ಟುಕೊಳ್ಳಬೇಕು.