ಕೆರೆಯಲ್ಲೊಂದು ಗುಂಪು, ಏರಿಯ ಮೇಲೊಂದು ಗುಂಪು

ಆನೇಕಲ್ಲಿನ ದಕ್ಷಿಣಕ್ಕೆ, ಬನ್ನೇರುಘಟ್ಟದ ಕಾಡು ತಮಿಳುನಾಡಿನ ತಳಿ, ಜವಳಗಿರಿ ಕಡೆಯ ಕಾಡುಗಳಿಗೆ ತಾಗುವ ಸೀಮೆಯಲ್ಲಿ, ರಾಗಿ ತೆನೆ ಬಲಿಯುವ ಹೊತ್ತಿಗೆ ಕೆರೆಗಳಿಗೆ ಗಂಡಾನೆಗಳು ಬರತೊಡಗುತ್ತವೆ. ಅಜ್ಜಿ, ತಾಯಿ, ಮರಿಗಳಿರುವ ಹಿಂಡಲ್ಲ, ಬರೀ ಗಂಡುಗಳು. ಹಿಂದಿನವರಿಗೆ ಗೊತ್ತಿದ್ದ ಗಂಡಾನೆ ಒಂಟಿ ಸಲಗ. ಈಗಿನವು ನಾಲ್ಕು, ಐದು, ಕೆಲವು ಸಲ ಇನ್ನೂ ಹೆಚ್ಚು ಸೇರಿ ಬರುತ್ತವೆ. ಹಗಲೆಲ್ಲ ನೀಲಗಿರಿ ತೋಪಿನ ಮರೆಯಲ್ಲೋ ಕೆರೆಯ ಜೊಂಡಿನಲ್ಲೋ ನಿಂತಿದ್ದು, ಕತ್ತಲಾದ ಮೇಲೆ ಹೊಲಕ್ಕಿಳಿಯುತ್ತವೆ.

ಆನೆಯ ವಯಸ್ಸು ಓದುವುದು ನಿಧಾನದ ಕೆಲಸ. ಭುಜದ ಎತ್ತರ, ದಂತದ ದಪ್ಪ, ಕಣತಲೆಯ ಗುಳಿ, ಕಿವಿಯ ಮೇಲಂಚು, ಇವನ್ನೆಲ್ಲ ಕೂಡಿಸಿ ನೋಡಬೇಕು. ಎಳೆಯ ಆನೆಯ ಕಿವಿಯಂಚು ನೆಟ್ಟಗಿರುತ್ತದೆ. ವಯಸ್ಸಾದಂತೆ ಅದು ಮುಂದಕ್ಕೆ ಬಾಗಿ ಮಡಚಿಕೊಳ್ಳುತ್ತದೆ. ಇಲ್ಲಿಗೆ ಬರುವ ಗುಂಪುಗಳಲ್ಲಿ ಕಿವಿಯಂಚು ಇನ್ನೂ ಸರಿಯಾಗಿ ಮಡಚದವೇ ಹೆಚ್ಚು. ಗಂಡು ಮರಿ ಹತ್ತರಿಂದ ಹದಿನೈದರ ನಡುವೆ ತಾಯಿಯ ಹಿಂಡು ಬಿಡುತ್ತದೆ. ಆಮೇಲೆ ಮದ ಸರಿಯಾಗಿ ಏರಿ ತನ್ನದೇ ದಾರಿ ಹಿಡಿಯುವವರೆಗೆ ಕೆಲವು ವರ್ಷ ಅದಕ್ಕೆ ಮನೆಯೂ ಇಲ್ಲ, ಸಂಸಾರವೂ ಇಲ್ಲ. ಇರುವುದು ಓರಗೆಯವು ಮಾತ್ರ. ಆಯುಸ್ಸಿನ ಲೆಕ್ಕವೂ ಸುಮಾರಾಗಿ ನಮ್ಮದರ ಹಾಗೆಯೇ ಇರುವುದರಿಂದ, ಈ ಆನೆಗಳು ಏರಿಯ ಮೇಲೆ ನಿಂತು ಅವುಗಳನ್ನು ನೋಡುವ ಹುಡುಗರ ವಾರಗೆಯವೇ.

ನಿಶಾಂತ್ ಶ್ರೀನಿವಾಸಯ್ಯ ಮತ್ತು ಸಂಗಡಿಗರು 2016–17ರಲ್ಲಿ ದಕ್ಷಿಣ ಭಾರತದ 248 ಗಂಡಾನೆಗಳನ್ನು ಫೋಟೊಗಳಿಂದ ಒಂದೊಂದಾಗಿ ಗುರುತು ಹಿಡಿದರು. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ದೊಡ್ಡ, ಬಹುಕಾಲ ಬಾಳುವ ಗಂಡು ಗುಂಪುಗಳು ಕಂಡದ್ದು ಕಾಡಿನೊಳಗಲ್ಲ. ಕಾಡು ಚೂರುಚೂರಾಗಿ, ಬೆಳೆಯೂ ವರ್ಷವಿಡೀ ನೀರೂ ಇರುವ ಜನರ ನಡುವಿನ ಜಾಗಗಳಲ್ಲಿ. ಮೇವು ಹೆಚ್ಚಿರುವ ಕಡೆ ಅಪಾಯವೂ ಹೆಚ್ಚು. ಅಂಥಲ್ಲಿ ಹರೆಯದವು ಜೊತೆ ಕಟ್ಟಿಕೊಳ್ಳುತ್ತವೆ. ಕಬಿನಿಯ ಹಿನ್ನೀರಿನ ಹುಲ್ಲುಗಾವಲಿನಲ್ಲೂ ಗಂಡುಗಳು ಸೇರುವುದುಂಟು, ಸೊಂಡಿಲು ಹೆಣೆದು ಬಲ ನೋಡಿಕೊಳ್ಳುವುದುಂಟು. ಆದರೆ ಅಲ್ಲಿ ಆ ಒಡನಾಟ ಹೆಚ್ಚು ಹೊತ್ತಿನದಲ್ಲ. ಭಯವಿರುವಲ್ಲಿ ಗೆಳೆತನ ಗಟ್ಟಿಯಾಗುತ್ತದೆ ಎಂಬುದು ನನಗೆ ಈ ಕೆರೆಗಳ ದಂಡೆಯಲ್ಲಿ ಮತ್ತೆ ಮತ್ತೆ ಕಂಡಿದೆ.

ಸಂಜೆ ತೋಪಿನಿಂದ ಹೊರಬರುವ ಗಳಿಗೆಯನ್ನು ತಾಳ್ಮೆಯಿಂದ ನೋಡಬೇಕು. ತೋಪಿನ ಅಂಚಿನಲ್ಲಿ ಎಲ್ಲವೂ ನಿಲ್ಲುತ್ತವೆ. ಮುಂದೆ ಬಯಲು, ಅದರಾಚೆ ಟಾರು ರಸ್ತೆ, ರಸ್ತೆಯಾಚೆ ರಾಗಿ. ಎಳೆಯದೊಂದು ಮುಂಗಾಲು ಎತ್ತಿ ತೂಗುತ್ತದೆ, ಇಡುವುದಿಲ್ಲ. ಸೊಂಡಿಲು ಗಾಳಿಗೆ ಎತ್ತಿ, ಪಕ್ಕದ್ದರ ಮೈ ಮುಟ್ಟಿ, ಹಿಂದಕ್ಕೆ ಸರಿಯುತ್ತದೆ. ಆಗ ಇನ್ನೊಂದು ಅದನ್ನು ಬದಿಯಿಂದ ತಳ್ಳಿಕೊಂಡು ಎರಡು ಹೆಜ್ಜೆ ಮುಂದಾಗುತ್ತದೆ. ಮೊದಲಿನದು ಮೂರು ಹೆಜ್ಜೆ ಹಾಕುತ್ತದೆ. ಒಂಟಿಯಾಗಿದ್ದಾಗ ಇದೇ ಆನೆ ಇದೇ ಅಂಚಿನಲ್ಲಿ ಕತ್ತಲು ಗಟ್ಟಿಯಾಗುವವರೆಗೂ ಕದಲದೆ ನಿಂತದ್ದನ್ನು ಕಂಡಿದ್ದೇನೆ. ಎಡಗಿವಿಯ ಕೆಳಭಾಗ ಹರಿದಿರುವುದರಿಂದ ಅದರ ಗುರುತು ತಪ್ಪುವುದಿಲ್ಲ. ಜೊತೆಗಾರರಿದ್ದರೆ ಅದು ಬೆಳಕಿರುವಾಗಲೇ ರಸ್ತೆ ದಾಟುತ್ತದೆ.

ಹೊಲದಿಂದ ಬಂದ ಆನೆಯ ಬಾಯೊಳಗೆ ಎಳೆಯದು ಸೊಂಡಿಲ ತುದಿ ಇಟ್ಟು ನೋಡುತ್ತದೆ. ಅದು ವಂದನೆಯೂ ಹೌದು, ಏನು ತಿಂದೆ ಎಂದು ಕೇಳುವುದೂ ಹೌದು. ರಾಗಿಯ ರುಚಿ ಹೊಲ ಮುಟ್ಟುವ ಮೊದಲೇ ಹೀಗೆ ದಾಟಿಬಂದಿರುತ್ತದೆ. ಬೆಳೆಗೆ ಬೀಳುವುದರಲ್ಲಿ ಗಂಡುಗಳೇ ಮುಂದು ಎಂದು ರಾಮನ್ ಸುಕುಮಾರ್ 1980ರ ದಶಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಆಸುಪಾಸಿನಲ್ಲಿ ನೋಡಿ ಬರೆದರು. ಸಂಸಾರದ ಹಿಂಡಿನ ಒಂದು ಆನೆಗಿಂತ ಬೆಳೆದ ಗಂಡು ಸುಮಾರು ಆರು ಪಟ್ಟು ಹೆಚ್ಚು ಸಲ ಹೊಲಕ್ಕೆ ನುಗ್ಗುತ್ತದೆ. ಕಾಡಿನ ಹುಲ್ಲಿಗಿಂತ ರಾಗಿ, ಭತ್ತದಲ್ಲಿ ಪ್ರೋಟೀನು, ಸುಣ್ಣದ ಅಂಶ ಹೆಚ್ಚು. ಮೈ ಬೇಗ ತುಂಬಿದ ಗಂಡಿಗೆ ಮುಂದೆ ಹೆಣ್ಣು ಸಿಗುವ ಅವಕಾಶವೂ ಹೆಚ್ಚು. ಕೀನ್ಯಾದ ಅಂಬೊಸೆಲಿಯಲ್ಲಿ ಪ್ಯಾಟ್ರಿಕ್ ಚಿಯೊ, ಸಿಂಥಿಯಾ ಮಾಸ್, ಸೂಸನ್ ಆಲ್ಬರ್ಟ್ಸ್ ಆಫ್ರಿಕಾದ ಆನೆಗಳ ಒಡನಾಟವನ್ನೇ ಲೆಕ್ಕ ಹಾಕಿದರು: ಹತ್ತಿರದ ಸಂಗಾತಿಗಳು ಬೆಳೆಗೆ ಬೀಳುವವಾದರೆ ಗಂಡು ತಾನೂ ಬೆಳೆಗೆ ಬೀಳುವ ಸಾಧ್ಯತೆ ಹೆಚ್ಚು, ಅದರಲ್ಲೂ ಸಂಗಾತಿ ತನಗಿಂತ ಹಿರಿಯದಾದರೆ.

ಸೋಲಾರ್ ಬೇಲಿಯ ಪಾಠವೂ ಹೀಗೇ ದಾಟುತ್ತದೆ. ದಂತದಲ್ಲಿ ಕರೆಂಟು ಹರಿಯದು. ಒಂದು ಆನೆ ದಂತದಿಂದ ತಂತಿಯನ್ನು ಒತ್ತಿ ಕಂಬ ವಾಲಿಸುವಾಗ ಉಳಿದವು ಹಿಂದೆ ಸುಮ್ಮನೆ ನಿಂತು ನೋಡುತ್ತವೆ. ಕೆಲವು ವಾರಗಳಲ್ಲಿ ಹಿಂದೆ ನಿಂತಿದ್ದದ್ದೇ ಮುಂದೆ ಬಂದು ಕಂಬಕ್ಕೆ ಕಾಲೊಡ್ಡುತ್ತದೆ. ರೈತನಿಗೆ ಇದು ನಷ್ಟ, ಕಣ್ಣೀರಿನ ಮಾತು. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅದೇ ಗುಂಪಿನಿಂದಲೇ ಎಳೆಯದು ರಸ್ತೆ ಬದಿಯಲ್ಲಿ ಲಾರಿ ಹೋಗುವ ತನಕ ನಿಲ್ಲುವುದನ್ನೂ, ಪಟಾಕಿ ಸಿಡಿದಾಗ ಊರಿನ ಕಡೆ ಓಡದೆ ಕೆರೆಯ ಕಡೆ ತಿರುಗುವುದನ್ನೂ, ಹಗಲಿಡೀ ಸದ್ದಿಲ್ಲದೆ ನಿಂತಿರುವುದನ್ನೂ ಕಲಿಯುತ್ತದೆ. ಇವಿಲ್ಲದಿದ್ದರೆ ಈ ಸೀಮೆಯಲ್ಲಿ ಅದು ಒಂದು ಬೆಳೆಗಾಲವನ್ನೂ ದಾಟಲಾರದು.

ಇನ್ನು ಏರಿಯ ಮೇಲಿನ ಗುಂಪು. ಆನೆ ಬಂದಿದೆ ಎಂಬ ಸುದ್ದಿ ಮೊಬೈಲಿನಲ್ಲಿ ಹರಿದ ಅರ್ಧ ಗಂಟೆಯೊಳಗೆ ಬೈಕುಗಳು ಬಂದು ನಿಲ್ಲುತ್ತವೆ. ಹೈಸ್ಕೂಲು, ಪಿಯುಸಿ ಓದುವ ಹುಡುಗರು. ಮೊದಲು ಎಲ್ಲರೂ ಏರಿಯ ಮೇಲೇ ಇರುತ್ತಾರೆ. ಆಮೇಲೆ ಯಾರೋ “ಲೋ, ಧೈರ್ಯ ಇದ್ರೆ ಆ ಬಂಡೆ ತಂಕ ಹೋಗಿ ಬಾರೋ” ಎನ್ನುತ್ತಾನೆ. ಒಬ್ಬ ಇಳಿಯುತ್ತಾನೆ. ಇಳಿಯುವವನ ಮುಖ ಎತ್ತ ತಿರುಗುತ್ತದೆ ಎಂದು ದುರ್ಬೀನಿನಲ್ಲಿ ಗಮನಿಸಿದ್ದೇನೆ. ಎರಡು ಹೆಜ್ಜೆಗೊಮ್ಮೆ ಅವನು ಹಿಂದೆ ನೋಡುತ್ತಾನೆ; ಆನೆಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಗೆಳೆಯರನ್ನು ನೋಡುತ್ತಾನೆ. ಅವನಿಗೆ ಬೇಕಾದದ್ದು ಆನೆಯ ಹತ್ತಿರ ಹೋಗುವುದಲ್ಲ, ಏರಿಯ ಮೇಲಿನ ಆ ಕೂಗು. ಅತ್ತ ನೀರಿನಲ್ಲಿ ಹರಿದ ಕಿವಿಯದ್ದು ಕಿವಿ ಅಗಲಿಸಿ, ತಲೆಯೆತ್ತಿ, ನಾಲ್ಕು ಹೆಜ್ಜೆ ಬೀಸಾಗಿ ಬಂದು ತಟ್ಟನೆ ನಿಂತು, ತನ್ನವರ ಕಡೆ ತಿರುಗುತ್ತದೆ. ಎರಡು ಗುಂಪಿನ ಹರೆಯವೂ ಪರಸ್ಪರ ಎದುರಾಗಿ, ಪ್ರತಿಯೊಂದೂ ತನ್ನ ಬೆನ್ನ ಹಿಂದಿನವರಿಗಾಗಿ ನಡೆಯುತ್ತಿರುವ ಈ ಗಳಿಗೆಯೇ ಜೀವ ಹೋಗುವ ಗಳಿಗೆ.

ಇದೇ ಹುಡುಗರಲ್ಲೊಬ್ಬ ಬೆಳಗಿನ ಜಾವ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವಾಗ ಸಿಗುತ್ತಾನೆ. ಒಬ್ಬನೇ. ತೋಪಿನ ತಿರುವಿನಲ್ಲಿ ಸೈಕಲ್ ಇಳಿದು, ಲದ್ದಿ ಬಿಸಿಯೋ ಆರಿದೆಯೋ ನೋಡಿ, ಗಾಳಿ ಎತ್ತಣಿಂದ ಎಂದು ಅಂದಾಜು ಮಾಡಿ ಮುಂದೆ ಹೋಗುತ್ತಾನೆ. ಅಂದರೆ ಅಪಾಯ ಅವನಿಗೆ ಗೊತ್ತಿಲ್ಲವೆಂದಲ್ಲ. ತಿಳಿವಳಿಕೆ ಶಿಬಿರ, ಎಚ್ಚರಿಕೆ ಫಲಕ ಇವುಗಳಿಂದ ಹುಡುಗರು ತಿದ್ದಿಕೊಳ್ಳುತ್ತಾರೆ ಎಂದುಕೊಂಡವರು ಸಂಜೆ ಏರಿಯ ಮೇಲೂ, ಬೆಳಗ್ಗೆ ತಿರುವಿನಲ್ಲೂ ಅವನನ್ನು ನೋಡಬೇಕು. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಮಾರ್ಗೊ ಗಾರ್ಡ್ನರ್, ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ್ದೂ ಇದನ್ನೇ. ಹಳದಿ ದೀಪ ಬಿದ್ದಾಗ ಕಾರು ನಿಲ್ಲಿಸಬೇಕೋ ನುಗ್ಗಿಸಬೇಕೋ ಎಂಬ ಕಂಪ್ಯೂಟರ್ ಆಟದಲ್ಲಿ 13ರಿಂದ 16 ವರ್ಷದವರು ಒಬ್ಬರೇ ಇದ್ದಾಗಿನದಕ್ಕಿಂತ ಸುಮಾರು ದುಪ್ಪಟ್ಟು ಅಪಾಯವನ್ನು ಓರಗೆಯವರು ನೋಡುತ್ತಿದ್ದಾಗ ತೆಗೆದುಕೊಂಡರು. 24 ದಾಟಿದವರಲ್ಲಿ ಜೊತೆಗಾರರಿಂದ ಅಂಥ ವ್ಯತ್ಯಾಸವಾಗಲಿಲ್ಲ.

ಹಾಗೆಂದು ಗುಂಪನ್ನೇ ಮುರಿಯಬೇಕು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಇದೇ ಏರಿಯ ಮೇಲೆ ಸಂಜೆ ಐದರ ಹೊತ್ತಿಗೆ ಹೈಸ್ಕೂಲಿನ ಹುಡುಗಿಯರು ಸೈಕಲ್ಲಿನಲ್ಲಿ ಬರುತ್ತಾರೆ, ಒಬ್ಬರ ಹಿಂದೊಬ್ಬರು. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ 2006–07ರಿಂದ ಸೈಕಲ್ ಕೊಡತೊಡಗಿದ ಮೇಲೆ ಇಂಥ ಸಾಲುಗಳು ಹಳ್ಳಿ ರಸ್ತೆಗಳಲ್ಲಿ ಕಾಣತೊಡಗಿದವು. ಆನೆ ದಾರಿಯಲ್ಲಿ ಮಗಳನ್ನು ಒಬ್ಬಳನ್ನೇ ಕಳಿಸದ ತಂದೆ, ಸಾಲಿನ ಜೊತೆಗೆ ಕಳಿಸುತ್ತಾನೆ. ಸಾಲಿನಿಂದ ಒಬ್ಬಳು ಮದುವೆಯೆಂದೋ ಗಾರ್ಮೆಂಟ್ಸ್ ಕೆಲಸವೆಂದೋ ಬಿಟ್ಟರೆ ಜೊತೆಯ ಇನ್ನೊಬ್ಬಳ ಓದೂ ಅಲುಗಾಡುತ್ತದೆ. ಒಬ್ಬಳು ಹಟ ಹಿಡಿದು ಪಿಯುಸಿಗೆ ಸೇರಿದರೆ ಮಿಕ್ಕವರೂ ಸೇರುತ್ತಾರೆ. “ಅವ್ಳೂ ಬರ್ತಾಳೆ ಅಪ್ಪ” ಎನ್ನುವ ಮಾತಿಗಿರುವ ಬಲ ಯಾವ ಉಪದೇಶಕ್ಕೂ ಇಲ್ಲ. ಇದೂ ಸರೀಕರ ಒತ್ತಡವೇ. ಇದನ್ನು ಯಾರೂ ಆ ಹೆಸರಿನಿಂದ ಕರೆದು ದೂರುವುದಿಲ್ಲ.

ಗುಂಪು ಕೆಡುವುದು ಯಾವಾಗ ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಪಿಲಾನೆಸ್‌ಬರ್ಗ್ ಉದ್ಯಾನದಲ್ಲಿ ನಡೆದದ್ದನ್ನು ಹೇಳಬೇಕು. ಕ್ರೂಗರ್ ಉದ್ಯಾನದಲ್ಲಿ ಸಂಖ್ಯೆ ಇಳಿಸಲೆಂದು ಆನೆಗಳನ್ನು ಕೊಂದಾಗ ತಬ್ಬಲಿಯಾದ ಮರಿಗಳನ್ನು 1980ರ ದಶಕದಲ್ಲಿ ಅಲ್ಲಿಗೆ ಸಾಗಿಸಿದ್ದರು. ಹಿರಿಯರಿಲ್ಲದೆ, ಓರಗೆಯವುಗಳ ಜೊತೆಯಲ್ಲೇ ಬೆಳೆದ ಆ ಗಂಡುಗಳಿಗೆ ಮದ ಅಕಾಲದಲ್ಲಿ ಬಂತು, ಬಂದದ್ದು ಬಹಳ ದಿನ ಇಳಿಯಲಿಲ್ಲ. 1992ರಿಂದ 1997ರ ನಡುವೆ ಅವು 40ಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಕ್ರೂಗರ್‌ನಿಂದ ಆರು ಹಿರಿಯ ಗಂಡಾನೆಗಳನ್ನು ತಂದು ಬಿಟ್ಟರು. ಎಳೆಯವುಗಳ ಮದ ಇಳಿಯಿತು, ಕೊಲೆ ನಿಂತಿತು. ರಾಬ್ ಸ್ಲೊಟೊವ್ ಮತ್ತು ಸಂಗಡಿಗರು 2000ದಲ್ಲಿ ಇದನ್ನು ಪ್ರಕಟಿಸಿದರು. ಆ ಗುಂಪನ್ನು ಯಾರೂ ಚದುರಿಸಿರಲಿಲ್ಲ. ಅದರ ನಡುವೆ ಹಿರಿಯರನ್ನು ತಂದು ನಿಲ್ಲಿಸಿದ್ದಷ್ಟೇ.

ಆನೆಯಿಂದ ಮನುಷ್ಯನಿಗೆ ನೇರ ದಾರಿ ಹಾಕಲು ನನಗೆ ಹಿಂಜರಿಕೆಯಿದೆ. ಆದರೆ 2016ರಲ್ಲಿ ಕ್ಯಾರೊಲ್ ಸಿಲ್ವಾ, ಜೇಸನ್ ಚೈನ್, ಸ್ಟೈನ್‌ಬರ್ಗ್ ಸೇರಿ 18ರಿಂದ 22ರ ತರುಣರ ಗುಂಪುಗಳ ಮೇಲೆ ಮಾಡಿದ ಪ್ರಯೋಗವೂ ಅಲ್ಲಿಗೇ ಮುಟ್ಟುತ್ತದೆ. ನಾಲ್ವರಲ್ಲಿ ಒಬ್ಬ 25ರಿಂದ 30ರ ನಡುವಿನವನಾದರೆ ಸಾಕು, ಗುಂಪಿನ ಹುಮ್ಮಸ್ಸಿನಿಂದ ಏರಿದ್ದ ದುಡುಕು ಒಬ್ಬರೇ ಇದ್ದಾಗಿನ ಮಟ್ಟಕ್ಕೆ ಇಳಿಯಿತು. ಬೇಕಾದದ್ದು ಅಪ್ಪನಲ್ಲ, ಮೇಷ್ಟ್ರಲ್ಲ. ಸ್ವಲ್ಪವೇ ದೊಡ್ಡವನು, ಗುಂಪಿನೊಳಗೇ ಕೂರುವವನು.

ನಮ್ಮ ಕೆರೆಯ ಗುಂಪಿನಲ್ಲಿ ಅಂಥ ಒಂದು ಹಿರಿಯ ಸಲಗವಿದೆ. ಕಣತಲೆ ಗುಳಿಬಿದ್ದದ್ದು, ಬಲದಂತದ ತುದಿ ಮುರಿದದ್ದು. ಅದು ಮದವೇರಿ, ಕಣತಲೆಯಿಂದ ರಸ ಸುರಿಯುತ್ತ, ಹೆಣ್ಣುಗಳನ್ನು ಹುಡುಕಿಕೊಂಡು ಕಾಡಿಗೆ ಹೋದ ದಿನಗಳಲ್ಲಿ ಎಳೆಯವು ಬೇರೆಯೇ ಆಗಿದ್ದವು. ತೋಪು ಬಿಡುವ ಹೊತ್ತು ತಪ್ಪಿತು. ಬೆಳಗಾದರೂ ಹೊಲದಲ್ಲೇ ಉಳಿದು, ಹಾಲಿನ ಹೊತ್ತಿಗೆ ಊರಿನ ಅಂಚಿನಲ್ಲಿ ಸಿಕ್ಕಿಬಿದ್ದವು. ದನದ ಕೊಟ್ಟಿಗೆಯ ಗೋಡೆ ಹೋಯಿತು. ಸಲಗ ಮರಳಿದ ಮೇಲೆ ಅದೇ ಮುಂದೆ ನಡೆಯಿತು. ರಾಗಿ ತಿನ್ನುವುದು ನಿಲ್ಲಲಿಲ್ಲ, ಆ ಭ್ರಮೆ ಬೇಡ. ಆದರೆ ನಸುಕಿಗೆ ಮುಂಚೆ ಎಲ್ಲವೂ ನೀರಿಗೆ ವಾಪಸಾಗುತ್ತಿದ್ದವು.

ದೂರು ಹೆಚ್ಚಾದಾಗ, ಹಿಡಿದು ಸಾಗಿಸಿ ಎಂದು ಜನ ಬೆರಳು ತೋರುವುದು ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಈ ಸಲಗದ ಕಡೆಗೇ. ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ಭಾಗದಲ್ಲಿ 2014ರ ಸುಮಾರಿಗೆ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ನಂತರದ ವರ್ಷಗಳಲ್ಲಿ ಆ ಕಾಫಿ ಸೀಮೆಗೆ ಆನೆಗಳು ಮತ್ತೆ ಬಂದು ಸೇರಿದವು. ಹಿಡಿಯಲೇಬೇಕಾದ ಆನೆಗಳಿವೆ, ಜನರನ್ನು ಕೊಂದು ಅಭ್ಯಾಸವಾದವು. ಆದರೆ ಸಾಕಾನೆಗಳು ಬಂದು ಅರಿವಳಿಕೆ ಸೂಜಿ ಹಾರುವ ಮುನ್ನ, ಈ ಸಲಗದ ಹಿಂದೆ ನಡೆಯುತ್ತಿರುವವು ಯಾವ ವಯಸ್ಸಿನವು, ಇದು ಹೋದರೆ ಅವುಗಳ ಮುಂದೆ ಯಾರು ಎಂಬ ಎರಡು ಪ್ರಶ್ನೆಗಳನ್ನು ಕೇಳಲೇಬೇಕು.

ಈ ಸಲ ಕಟಾವಿಗೆ ಮುಂಚೆ ಊರಿನವರು ರಾತ್ರಿ ಕಾವಲಿನ ಪಾಳಿ ಹಾಕಲು ಅರಳೀಕಟ್ಟೆಯಲ್ಲಿ ಸೇರಿದ್ದರು. ಹುಡುಗರ ಸಹವಾಸವೇ ಬೇಡ, ಅವರನ್ನು ಅಟ್ಟಣೆಯ ಹತ್ತಿರ ಬಿಡಬಾರದು ಎಂದು ಹಿರಿಯರು ಪಟ್ಟು ಹಿಡಿದರು. ಫಾರೆಸ್ಟ್ ವಾಚರ್ ಒಪ್ಪಲಿಲ್ಲ. “ನೀವು ಬ್ಯಾಡ ಅಂದ್ರೆ ಅವ್ರೇ ಬೇರೆ ಗುಂಪು ಕಟ್ಕೊಂಡು ಹೋಗ್ತಾರೆ ಗೌಡ್ರೆ. ಒಂದೊಂದು ಅಟ್ಟಣೆಗೂ ಒಬ್ಬ ಅಣ್ಣನ್ನ ಹಾಕಿ, ಸಾಕು” ಎಂದ. ಜಿಗಣಿಯ ಕಾರ್ಖಾನೆಗೆ ಹೋಗುವ ಇಪ್ಪತ್ತಾರರ ಒಬ್ಬನ ಹೆಸರನ್ನು ಹುಡುಗರೇ ಸೂಚಿಸಿದರು. ಹರಿದ ಕಿವಿಯದ್ದು ನುಗ್ಗಿ ಬಂದ ಸಂಜೆ “ಓಡ್ಬೇಡ್ರೋ, ಮಾತಾಡ್ದೆ ಹಿಂದಕ್ಕೆ ಬನ್ನಿ” ಎಂದು ಏರಿಯ ಮೇಲೆ ನಿಂತು ಅವರನ್ನು ಮೇಲಕ್ಕೆ ಕರೆದುಕೊಂಡಿದ್ದವನು ಅವನೇ. ಕೋಡಿಯ ಪಕ್ಕದ ಅಟ್ಟಣೆಗೆ ಪಿಯುಸಿ ಓದುವ ಮೂವರು, ಜೊತೆಗೆ ಅವನು ಎಂದು ತೀರ್ಮಾನವಾಯಿತು. ಅವನ ಸೆಕೆಂಡ್ ಶಿಫ್ಟ್ ಮುಗಿಯುವುದು ರಾತ್ರಿ ಹತ್ತಕ್ಕೆ. ಅಲ್ಲಿಯ ತನಕ ತಾನೇ ಹುಡುಗರ ಜೊತೆ ಕೂರುವುದಾಗಿ ವಾಚರ್ ಹೇಳಿದ.