ಕಾಡಿನ ಚಿಟ್ಟೆಯೂ ಕಾಂಡಕೊರಕ ದುಂಬಿಯೂ

ಮಲೆನಾಡಿನ ಕಾಡುಗಳಲ್ಲಿಯೂ ಅವುಗಳಿಗೆ ಹೊಂದಿಕೊಂಡಿರುವ ಕಾಫಿ ತೋಟಗಳಲ್ಲಿಯೂ ಹೊಂಬಣ್ಣದ ಹಿಂದಿನ ರೆಕ್ಕೆಗಳುಳ್ಳ ಕಪ್ಪು ಚಿಟ್ಟೆಯೊಂದು ಮರದೆತ್ತರದಲ್ಲಿ ತೇಲಾಡುವುದನ್ನು ಅನೇಕರು ನೋಡಿರಬಹುದು. ಇದಕ್ಕೆ ಸದರ್ನ್ ಬರ್ಡ್‌ವಿಂಗ್ ಎಂದು ಹೆಸರು. ಬಿಡಿಸಿದ ರೆಕ್ಕೆಗಳ ಅಗಲವು 14ರಿಂದ 19 ಸೆಂಟಿಮೀಟರ್. ಕರ್ನಾಟಕದ ರಾಜ್ಯ ಚಿಟ್ಟೆಯೂ ಇದೇ. ಅದೇ ತೋಟದಲ್ಲಿ ಬೆರಳಿನ ಉಗುರಿನಷ್ಟು ಉದ್ದದ, ಕಪ್ಪು ಮೈಮೇಲೆ ಬಿಳಿಯ ಗೆರೆಗಳುಳ್ಳ ದುಂಬಿಯೊಂದಿರುವುದು. ತೋಟಗಾರರು ‘ಬೋರರ್’ ಎನ್ನುವುದು ಇದನ್ನೇ. ಚಿಟ್ಟೆಯನ್ನು ಕಂಡವರು ಬಹಳ, ಇದನ್ನು ಕಂಡವರು ವಿರಳ, ನಷ್ಟವೆಲ್ಲವೂ ಇದರಿಂದಲೇ.

ಮೊಟ್ಟೆ, ಮರಿಹುಳು, ಕೋಶ, ರೆಕ್ಕೆಯ ಕೀಟವೆಂಬ ನಾಲ್ಕು ಅವಸ್ಥೆಗಳು ಎರಡಕ್ಕೂ ಸಮಾನ. ಚಿಟ್ಟೆಯ ಮರಿಹುಳುವು ಈಶ್ವರಿ ಬಳ್ಳಿ ಮತ್ತು ಅದರ ಸಂಬಂಧಿಕ ಗಿಡಗಳ ಎಲೆಯನ್ನು ತಿಂದು ಬೆಳೆಯುವುದು. ಆ ಎಲೆಯ ವಿಷವು ಮೈಯಲ್ಲಿ ಉಳಿಯುವುದರಿಂದ ಹಕ್ಕಿಗಳು ಅದನ್ನು ಮುಟ್ಟಲು ಹಿಂಜರಿಯುವುವು. ಕಾಫಿಯ ಗೊಡವೆ ಅದಕ್ಕಿಲ್ಲ.

ದುಂಬಿಯ ರೀತಿಯೇ ಬೇರೆ. ಏಪ್ರಿಲ್, ಮೇ ತಿಂಗಳುಗಳಲ್ಲಿಯೂ ಪುನಃ ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಹಾರಾಡುವ ಹೆಣ್ಣು, ಬಿಸಿಲು ಬೀಳುವ ಅರೇಬಿಕಾ ಗಿಡಗಳನ್ನು ಆರಿಸಿ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುವುದು. ರೊಬಸ್ಟಾಕ್ಕೆ ಇದರ ಬಾಧೆ ಅಷ್ಟಾಗಿ ಇಲ್ಲ. ಮರಿಯು ಹಲವು ತಿಂಗಳ ಕಾಲ ಕಾಂಡವನ್ನು ಕೊರೆಯುತ್ತ, ಕೊರೆದ ಹುಡಿಯನ್ನು ಹಿಂದಿನ ಸುರಂಗದಲ್ಲಿಯೇ ಗಟ್ಟಿಯಾಗಿ ತುಂಬುವುದು. ಆದಕಾರಣ ಹುಡಿ ಹೊರಗೆ ಉದುರದು. ಸಿಂಪಡಿಸಿದ ಔಷಧಿಯೂ ಒಳಗೆ ತಲುಪಲಾರದು. ಕಾಂಡದ ಮೇಲೆ ಏಣುಗಳೆದ್ದು ಎಲೆ ಹಳದಿಯಾದಾಗಲೇ ರೋಗವು ತಿಳಿಯತಕ್ಕದ್ದು. ಎಳೆಯ ಗಿಡವಾದರೆ ಉಳಿಯುವುದು ಕಷ್ಟ.

ಇಲ್ಲಿ ನೆರಳೇ ಮುಖ್ಯವಾದ ರಕ್ಷಣೆ. ಹೆಚ್ಚಿನ ಫಸಲಿನ ಆಸೆಯಿಂದ ಮಿತಿಮೀರಿ ಮರಗಸಿ ಮಾಡುವವರು ದುಂಬಿಯನ್ನು ತಾವೇ ಕರೆತಂದಂತಾಗುವುದು. ಹಾರಾಟಕ್ಕೆ ಮುಂಚೆ, ಅಂದರೆ ಮಾರ್ಚಿಯಲ್ಲಿಯೂ ಸೆಪ್ಟೆಂಬರಿನಲ್ಲಿಯೂ, ರೋಗದ ಗಿಡಗಳನ್ನು ಗುರುತಿಸಿ ಬೇರುಸಹಿತ ಕಿತ್ತು ಸುಡತಕ್ಕದ್ದು. ಸೌದೆಯೆಂದು ಕೊಟ್ಟಿಗೆಯ ಹಿಂದೆ ಒಟ್ಟುವ ಪದ್ಧತಿ ಕೆಲವೆಡೆ ಉಂಟು. ಆ ರಾಶಿಯಿಂದಲೇ ದುಂಬಿಗಳು ಹೊರಟು ತೋಟ ಸೇರುವುವು. ಒಳ್ಳೆಯ ಗಿಡಗಳ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆದು, 200 ಲೀಟರ್ ನೀರಿಗೆ 20 ಕಿಲೋಗ್ರಾಮ್ ಸುಣ್ಣ ಕಲಸಿ ಕಾಂಡಕ್ಕೂ ದಪ್ಪ ರೆಂಬೆಗಳಿಗೂ ಬಳಿಯಬಹುದು. ತೊಗಟೆ ಉಜ್ಜುವಾಗ ಹಸುರು ಭಾಗಕ್ಕೆ ಗಾಯವಾಗಕೂಡದು.

ಬೇಲಿ ಸವರುವ ಆಳುಗಳಿಗೆ ಈಶ್ವರಿ ಬಳ್ಳಿಯನ್ನು ತೋರಿಸಿ ಬಿಡಿಸಿದರೆ ತೋಟಕ್ಕೆ ಖರ್ಚೇನೂ ಇಲ್ಲ.