ವಿದ್ಯಾರ್ಥಿವೇತನ ಯಾರ ಕೈಗೆ, ಯಾವ ತಿಂಗಳಿಗೆ?

ಮಳೆಗಾಲ ಬಂದಿತೆಂದರೆ ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳ ಸಭಾಗೃಹಗಳು ಕಳೆಕಟ್ಟುತ್ತವೆ. ಮೊದಲು ಪುಸ್ತಕ ವಿತರಣೆ, ಅನಂತರ ಪ್ರತಿಭಾ ಪುರಸ್ಕಾರ, ಅದರ ಬೆನ್ನಿಗೆ ವಿದ್ಯಾರ್ಥಿವೇತನ ಪ್ರದಾನ. ನಡುನಡುವೆ ನೇತ್ರ ತಪಾಸಣೆ, ರಕ್ತದಾನ. ಭಾನುವಾರ ಬಂದರೆ ಎಲ್ಲಿಯಾದರೊಂದೆಡೆ ದೀಪ ಬೆಳಗುತ್ತದೆ, ಶಾಲು ಹೊದಿಸಲಾಗುತ್ತದೆ, ಮರುದಿನ ಪತ್ರಿಕೆಯಲ್ಲಿ ಭಾವಚಿತ್ರ ಅಚ್ಚಾಗುತ್ತದೆ. ದಾನಿಗಳ ಔದಾರ್ಯವನ್ನು ಶಂಕಿಸುವವರು ನಾವಲ್ಲ. ಊರಿನಿಂದ ಬರಿಗೈಯಲ್ಲಿ ಬಂದು, ಲೋಟ ತೊಳೆದು, ಮೆಟ್ಟಿಲು ಮೆಟ್ಟಿಲಾಗಿ ಏರಿ, ಗಳಿಸಿದುದರಲ್ಲಿ ಒಂದು ಪಾಲನ್ನು ಪರರ ಮಕ್ಕಳ ಓದಿಗೆ ಎತ್ತಿಟ್ಟವರು ಇವರಲ್ಲಿ ಅನೇಕರು. ಆದರೆ ಆ ಹಣ ಯಾರ ಕೈಗೆ ಸೇರುತ್ತದೆ, ಯಾವ ತಿಂಗಳಲ್ಲಿ ಸೇರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ನಾವು ಕೇಳಿಕೊಳ್ಳಲೇಬೇಕಾಗಿದೆ.

ನಮ್ಮ ಸಂಸ್ಥೆಗಳಲ್ಲಿ ಹಲವು ಹಳೆಯವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ ಸ್ಥಾಪನೆಗೊಂಡವು. ಆ ಕಾಲದಲ್ಲಿ ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಹಡಗಿನಲ್ಲಿಯೋ ಬಸ್ಸಿನಲ್ಲಿಯೋ ಬಂದಿಳಿಯುತ್ತಿದ್ದ ಹುಡುಗನಿಗೆ ಹೋಟೆಲೇ ಮನೆ, ಹೋಟೆಲಿನ ಮೇಜೇ ಹಾಸಿಗೆ. ಅವನಿಗೆ ಹಗಲಿನ ಶಾಲೆ ದಕ್ಕುವಂತಿರಲಿಲ್ಲ. ಆದುದರಿಂದ ಶಾಲೆಯೇ ರಾತ್ರಿಗೆ ಸರಿಯಿತು. ಕೋಟೆ ಪ್ರದೇಶದಲ್ಲಿಯೂ ಇತರ ಕಡೆಗಳಲ್ಲಿಯೂ ನಡೆದ ಕನ್ನಡ ರಾತ್ರಿಶಾಲೆಗಳಲ್ಲಿ ಕಚೇರಿಯ ಜವಾನನೂ ಹೋಟೆಲಿನ ಮಾಣಿಯೂ ಒಂದೇ ಬೆಂಚಿನಲ್ಲಿ ಕುಳಿತು ಕಲಿತರು. ಹಗಲೆಲ್ಲ ಲೆಕ್ಕ ಬರೆದು ದಣಿದ ಗುಮಾಸ್ತರು ರಾತ್ರಿ ಹಲಗೆಯ ಮುಂದೆ ನಿಂತು ಪಾಠ ಹೇಳಿದುದೂ ಉಂಟು. ಮುಂದೆ ಗುಮಾಸ್ತರಾಗಿ, ವಕೀಲರಾಗಿ, ಸ್ವಂತ ಹೋಟೆಲಿನ ಯಜಮಾನರಾಗಿ ಬಾಳಿದವರಲ್ಲಿ ಎಷ್ಟೋ ಮಂದಿ ಈ ಬೆಂಚುಗಳಿಂದ ಎದ್ದುಬಂದವರೇ. ಅಲ್ಲಿ ಅಂಕಪಟ್ಟಿಯನ್ನು ನೋಡಿ ಹುಡುಗನನ್ನು ಆರಿಸುತ್ತಿರಲಿಲ್ಲ. ದುಡಿಯುವವನೇ, ಕಲಿಯುವ ಮನಸ್ಸುಳ್ಳವನೇ ಎಂಬಷ್ಟೇ ಮಾನದಂಡ.

ಈಗ ಕಾಲ ಬದಲಾಗಿದೆ. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ನಿಷೇಧ 2006ರ ಅಕ್ಟೋಬರ್ 10ರಿಂದ ಜಾರಿಗೆ ಬಂದಿತು. ಬರಬೇಕಾದುದೇ ಬಂದಿತು; ಆ ಬಗ್ಗೆ ಯಾರಿಗೂ ಖೇದವಿರಬಾರದು. ಊರಿನ ಹುಡುಗರು ಮೊದಲಿನಂತೆ ಈ ಕೆಲಸಕ್ಕೆ ಬರುವುದೂ ಕಡಿಮೆಯಾಯಿತು. ರಾತ್ರಿಶಾಲೆಯ ಬೆಂಚುಗಳು ಬರಿದಾಗುತ್ತ ಬಂದಂತೆ ಸಂಘಗಳ ವಿದ್ಯಾದಾನ ವಿದ್ಯಾರ್ಥಿವೇತನದ ರೂಪ ತಾಳಿತು. ಆದರೆ ರೂಪ ಬದಲಾಗುವಾಗ ಆ ಹಳೆಯ ಮಾನದಂಡವೂ ಸದ್ದಿಲ್ಲದೆ ಬದಲಾಯಿತು.

ಒಬ್ಬ ಸಪ್ಲಾಯರನ ಮಗನನ್ನು ಮನಸ್ಸಿಗೆ ತಂದುಕೊಳ್ಳಿ. ಡೊಂಬಿವಲಿಯಲ್ಲೋ ನಾಲಾಸೋಪಾರಾದಲ್ಲೋ ಬಾಡಿಗೆಯ ಒಂದು ಕೋಣೆ. ಹುಡುಗ ಸಂಜೆ ಯಾವುದೋ ಅಂಗಡಿಯಲ್ಲಿ ದುಡಿದು ನೂರಕ್ಕೆ 52 ಅಂಕ ಪಡೆದಿದ್ದಾನೆ. ಕಾಲೇಜಿನ ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಶುಲ್ಕ ಕಟ್ಟಲು ದೊರೆಯುವುದು ಕೆಲವೇ ದಿನಗಳ ಅವಧಿ. ತಂದೆ ಏನು ಮಾಡಬೇಕು? ಯಜಮಾನರಲ್ಲಿ ಮುಂಗಡ ಬೇಡುತ್ತಾನೆ. ಅದು ತಿಂಗಳು ತಿಂಗಳೂ ಸಂಬಳದಲ್ಲಿ ಮುರಿಯುತ್ತದೆ. ಅಷ್ಟರಲ್ಲಿ ಸಂಘದ ಸಮಾರಂಭ ಬರುತ್ತದೆ. ಅಧ್ಯಕ್ಷರಿಗೆ ಬಿಡುವಿರಬೇಕು, ಅತಿಥಿಗಳು ಊರಿನಿಂದ ಬರಬೇಕು, ಸಭಾಗೃಹ ದೊರೆಯಬೇಕು. ಎಲ್ಲ ಕೂಡಿಬರುವ ಹೊತ್ತಿಗೆ ಆಗಸ್ಟ್ ಮುಗಿದಿರುತ್ತದೆ. ಶುಲ್ಕಕ್ಕೆಂದು ಇಟ್ಟ ಹಣ ಸಾಲ ತೀರಿಸಲು ಹೋಗುತ್ತದೆ. ಅದೂ ದೊರೆತರೆ! ನೂರಕ್ಕೆ 75 ಅಥವಾ 80 ಅಂಕ ಬೇಕೆಂಬ ಕಟ್ಟಳೆಯಿದ್ದಲ್ಲಿ ಇವನ ಅರ್ಜಿ ಮೊದಲ ಮೇಜನ್ನೇ ದಾಟದು. ಖಾಸಗಿ ಪಾಠಕ್ಕೆ ಹೋಗಿ 90 ಅಂಕ ಪಡೆದ ಅನುಕೂಲಸ್ಥರ ಮಗಳು ವೇದಿಕೆಗೆ ಬರುತ್ತಾಳೆ. ಆ ಮಗುವಿನ ಶ್ರಮಕ್ಕೆ ಗೌರವ ಸಲ್ಲಲಿ. ಪುರಸ್ಕಾರವು ಗೌರವ; ವಿದ್ಯಾರ್ಥಿವೇತನವು ಅಗತ್ಯ. ಇವೆರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿದುದೇ ತೊಡಕಿಗೆ ಮೂಲ.

ಸರಕಾರದ ವಿದ್ಯಾರ್ಥಿವೇತನಗಳಿಲ್ಲವೇ ಎಂದು ಕೇಳಬಹುದು. ಇವೆ, ಆದರೆ ಹೊರನಾಡಿಗನು ಎರಡು ರಾಜ್ಯಗಳ ನಡುವೆ ನಿಂತವನು. ಮಹಾರಾಷ್ಟ್ರದಲ್ಲಿ ಅಧಿವಾಸದ ಪ್ರಮಾಣಪತ್ರ ಪಡೆಯಲು ಸಾಮಾನ್ಯವಾಗಿ 15 ವರ್ಷಗಳ ವಾಸ್ತವ್ಯವನ್ನು ರುಜುವಾತುಪಡಿಸಬೇಕು. ಬಾಡಿಗೆಯ ಕೋಣೆಗಳನ್ನು ಬದಲಿಸುತ್ತಲೇ ಬಾಳಿದವನು ಯಾವ ಕಾಗದ ತೋರಿಸಬಲ್ಲನು? ಆಂಧ್ರದಿಂದ ಮುಂಬಯಿಗೆ ಬಂದ ನೌಕರರೊಬ್ಬರ ಮಗನು ಇಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ಪರಿಶಿಷ್ಟ ಪಂಗಡದ ಸ್ಥಾನವನ್ನು ಕೇಳಿದಾಗ, ಹುಟ್ಟಿದ ರಾಜ್ಯದ ಆ ಮಾನ್ಯತೆ ವಲಸೆ ಹೋದ ರಾಜ್ಯದಲ್ಲಿ ತಾನಾಗಿ ನಡೆಯದೆಂದು 1990ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹಿಂದುಳಿದ ವರ್ಗಗಳ ಪಟ್ಟಿಯೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೀಗೆ ಊರಿನಲ್ಲಿದ್ದಿದ್ದರೆ ದೊರೆಯಬಹುದಾಗಿದ್ದುದು ಇಲ್ಲಿ ತಪ್ಪುತ್ತದೆ. ಈ ಸಂದಿಯಲ್ಲಿ ಸಿಲುಕಿದ ಮಗುವಿಗೆ ಸಂಘದ ಬಾಗಿಲೊಂದೇ ಉಳಿಯುವುದು.

ಹಾಗಾದರೆ ನಿಜವಾದ ಅಗತ್ಯವನ್ನು ಗುರುತಿಸುವ ಬಗೆ ಹೇಗೆ? ಇದಕ್ಕೆ ಉತ್ತರ ನಮ್ಮ ಊರಿನಲ್ಲಿಯೇ ಇದೆ. ಉಡುಪಿಯ ಯಕ್ಷಗಾನ ಕಲಾರಂಗವು 1975ರಲ್ಲಿ ಕಲೆಯ ಪೋಷಣೆಗೆಂದು ಹುಟ್ಟಿದ ಸಂಸ್ಥೆ. 2005ರಲ್ಲಿ ಅದು 'ವಿದ್ಯಾಪೋಷಕ್' ಎಂಬ ಹೆಸರಿನಲ್ಲಿ ಬಡ ವಿದ್ಯಾರ್ಥಿಗಳಿಗೆ ನೆರವು ನೀಡಲು ತೊಡಗಿತು. ಅದರ ಕಾರ್ಯಕರ್ತರು ಅರ್ಜಿಯ ಕಾಗದವನ್ನಷ್ಟೇ ನಂಬುವುದಿಲ್ಲ, ವಿದ್ಯಾರ್ಥಿಯ ಮನೆಗೆ ಹೋಗಿ ನೋಡುತ್ತಾರೆ. ಹಾಗೆ ನೋಡಿದುದರಿಂದಲೇ ಕೆಲವು ಮಕ್ಕಳಿಗೆ ಪುಸ್ತಕಕ್ಕಿಂತ ಮೊದಲು ದೀಪ ಬೇಕು, ಮಾಡು ಬೇಕು ಎಂಬುದು ಅವರಿಗೆ ತಿಳಿಯಿತು. ದಾನಿಗಳನ್ನು ಹುಡುಕಿ ಮನೆಗಳನ್ನೇ ಕಟ್ಟಿಸಿಕೊಟ್ಟರು. ಮುಂಬಯಿಯಲ್ಲಿ ಮನೆ ಕಟ್ಟಿಸುವ ಮಾತು ದೂರವಿರಲಿ, ಮೇ ತಿಂಗಳಲ್ಲಿ ಇಬ್ಬರು ಸದಸ್ಯರು ರೈಲು ಹತ್ತಿ ಅರ್ಜಿದಾರನ ಕೋಣೆಗೆ ಹೋಗಿಬರುವುದು ಅಸಾಧ್ಯವೇನೂ ಅಲ್ಲ. ಆಗ ಜೂನ್‌ನಲ್ಲಿಯೇ ಶುಲ್ಕವನ್ನು ನೇರವಾಗಿ ಕಾಲೇಜಿಗೆ ಕಟ್ಟಬಹುದು. ಸಮಾರಂಭ ಬೇಕೆಂದರೆ ಆಗಸ್ಟ್‌ನಲ್ಲಿ ಧಾರಾಳವಾಗಿ ನಡೆಯಲಿ. ಹದಿನೆಂಟರ ಹುಡುಗನು ತನ್ನ ಬಡತನವನ್ನು ನೂರಾರು ಜನರೆದುರು ನಿಂತು ಸಾರಬೇಕಾದ ಕಷ್ಟವಾದರೂ ತಪ್ಪೀತು.

ದತ್ತಿನಿಧಿಯ ಲೆಕ್ಕವೂ ಸ್ವಲ್ಪ ಗಮನಿಸತಕ್ಕದ್ದು. ಒಂದು ಲಕ್ಷ ರೂಪಾಯಿಯ ಠೇವಣಿಗೆ ನೂರಕ್ಕೆ ಏಳರ ಬಡ್ಡಿ ಹಿಡಿದರೂ ವರ್ಷಕ್ಕೆ 7,000 ರೂಪಾಯಿ ಮಾತ್ರ. ಅದನ್ನು ಏಳು ಮಂದಿಗೆ ಹಂಚಿದರೆ ಏಳು ಭಾವಚಿತ್ರಗಳಾದಾವು, ಒಂದು ಶುಲ್ಕವೂ ತುಂಬದು. ಕಡಿಮೆ ಮಂದಿಗಾದರೂ ಸರಿ, ಪದವಿ ಮುಗಿಯುವ ತನಕ ವರ್ಷವರ್ಷವೂ ಒಬ್ಬನನ್ನೇ ಹಿಡಿದು ನಡೆಸುವ ದತ್ತು ಸ್ವೀಕಾರದ ಕ್ರಮವೇ ಮೇಲು. ನಮ್ಮಲ್ಲಿ ಕೆಲವು ಸಂಘಗಳು ಈ ದಾರಿ ಹಿಡಿದಿರುವುದು ಸಂತೋಷದ ವಿಷಯ.

ಆರೋಗ್ಯ ಶಿಬಿರಗಳ ಕುರಿತು ಒಂದೇ ಮಾತು. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಶಿಬಿರವೆಂದು ಪ್ರಕಟಣೆ ಬರುತ್ತದೆ. ಹೋಟೆಲಿನಲ್ಲಿ ಭಾನುವಾರ ಬೆಳಗ್ಗೆಯಷ್ಟು ನೂಕುನುಗ್ಗಲು ವಾರದಲ್ಲಿ ಇನ್ನೊಂದು ಹೊತ್ತಿನಲ್ಲಿದೆಯೇ? ದಿನವಿಡೀ ನಿಂತು ಕಾಲಿನ ನರ ಉಬ್ಬಿಸಿಕೊಂಡವನು ದೋಸೆಯ ಕಾವಲಿಯ ಮುಂದೆಯೇ ಉಳಿಯುತ್ತಾನೆ. ವಾರದ ನಡುವೆ, ಮಧ್ಯಾಹ್ನ ಮೂರರ ಬಿಡುವಿನಲ್ಲಿ, ಹೋಟೆಲಿನ ಸಮೀಪವೇ ವೈದ್ಯರು ಕುಳಿತರೆ ಬರುವವರ ಮುಖಗಳೇ ಬೇರೆಯಾದಾವು.

ಇನ್ನು ವಾಚಕರು ಸ್ವತಃ ಮಾಡಬಹುದಾದುದೂ ಇದೆ. ಮಹಾರಾಷ್ಟ್ರ ಕಾರ್ಮಿಕ ಕಲ್ಯಾಣ ಮಂಡಳಿಯ ನಿಧಿಗೆಂದು ವರ್ಷಕ್ಕೆ ಎರಡು ಬಾರಿ, ಜೂನ್ ಮತ್ತು ಡಿಸೆಂಬರ್ ತಿಂಗಳ ಸಂಬಳದಲ್ಲಿ, ಸಣ್ಣ ಮೊತ್ತವೊಂದು ಕಡಿತವಾಗುತ್ತದೆ. ಹೀಗೆ ವಂತಿಗೆ ಸಲ್ಲಿಸುವ ಕಾರ್ಮಿಕರ ಮಕ್ಕಳಿಗೆ ಆ ಮಂಡಳಿ ವಿದ್ಯಾರ್ಥಿವೇತನ ನೀಡುತ್ತದೆ. ಸಂಬಳದ ಚೀಟಿಯಲ್ಲಿ ಆ ಕಡಿತವಿದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಗಲ್ಲಾಪೆಟ್ಟಿಗೆಯ ಬಳಿಯ ಗುಮಾಸ್ತರನ್ನು ವಿಚಾರಿಸಿ. ಇದು ದಾನವಲ್ಲ, ನಿಮ್ಮದೇ ಹಣದ ಫಲ. ಸಂಘದ ಸದಸ್ಯರಾಗಿದ್ದರೆ ವಾರ್ಷಿಕ ಮಹಾಸಭೆಗೆ ತಪ್ಪದೆ ಹೋಗಿ. ಸಾರ್ವಜನಿಕ ನ್ಯಾಸಗಳ 1950ರ ಕಾಯಿದೆಯಂತೆ ನೋಂದಾಯಿತ ಸಂಸ್ಥೆಗಳ ಲೆಕ್ಕಪತ್ರ ಪರಿಶೋಧನೆಗೊಳ್ಳಬೇಕು. ಆ ಲೆಕ್ಕ ಓದುವಾಗ ವಿದ್ಯಾರ್ಥಿವೇತನದ ಸಾಲಿನ ಕೆಳಗೆ ಸಮಾರಂಭದ ಖರ್ಚಿನ ಸಾಲನ್ನೂ ಒಮ್ಮೆ ನೋಡಿ, ಮುಂದಿನ ವರ್ಷದ ಅರ್ಜಿಗಳನ್ನು ಎಪ್ರಿಲ್ ತಿಂಗಳಲ್ಲಿಯೇ ಕರೆಯಬಹುದೇ ಎಂದು ವಿನಯದಿಂದ ಕೇಳಿ.